ಇಳಿಯುತ್ತಿದ್ದ ಗೆರೆ: ಕ್ಷಯವೆಂದು ಬಗೆದ ಒಂದು ಶ್ವಾಸಕೋಶ ಕ್ಯಾನ್ಸರ್ ಪ್ರಕರಣ

ಅಂಗನವಾಡಿಯ ಬೆಳವಣಿಗೆ ಚಾರ್ಟನ್ನು ಹತ್ತಿರದಿಂದ ನೋಡಿದವರಿಗೆ ಅದರ ಸರಳತೆ ಗೊತ್ತು. ಹಸಿರು, ಹಳದಿ, ಕಿತ್ತಳೆ ಪಟ್ಟಿಗಳು. ತಿಂಗಳಿಗೊಮ್ಮೆ ಮಗುವನ್ನು ತೂಗಿ ಒಂದು ಚುಕ್ಕೆ ಇಡುತ್ತಾರೆ, ಚುಕ್ಕೆಗಳನ್ನು ಸೇರಿಸಿ ಗೆರೆ ಎಳೆಯುತ್ತಾರೆ. ಗೆರೆ ಏರಿದರೆ ಸರಿ, ಸಪಾಟಾದರೆ ಎಚ್ಚರ, ಇಳಿದರೆ ಅಪಾಯ. ಈ ಪ್ರಕರಣದ ರೋಗಿ ಇಪ್ಪತ್ತೈದು ವರ್ಷ ಅಂಥ ಗೆರೆಗಳನ್ನು ಎಳೆದವರು. ಅವರ ಕಾಯಿಲೆಯ ಬಗ್ಗೆ ಮೊದಲು ನಿಜ ಹೇಳಿದ್ದು ಕೂಡ ಅವರು ತಮಗೇ ಎಳೆದುಕೊಂಡಿದ್ದ ಗೆರೆ.

ಊರಿನವರೆಲ್ಲ ಅವರನ್ನು ‘ಟೀಚರ್’ ಎನ್ನುತ್ತಿದ್ದರು. ಇಲ್ಲಿಯೂ ಹಾಗೆಯೇ ಕರೆಯುತ್ತೇನೆ. ಕುಟುಂಬದ ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ. ಗುರುತು ಸಿಗಬಾರದೆಂದು ವಯಸ್ಸು, ಊರು, ಕೆಲವು ದಿನಾಂಕಗಳನ್ನು ತುಸು ಬದಲಿಸಿದ್ದೇನೆ. ಚಿಕಿತ್ಸೆಯ ಕ್ರಮ ಮತ್ತು ನಾವು ಎಡವಿದ ಜಾಗಗಳನ್ನು ಬದಲಿಸಿಲ್ಲ.

ಮಳೆಗಾಲದ ಕೆಮ್ಮು

2018ರ ಜೂನ್. ಮಲೆನಾಡಿನಲ್ಲಿ ಮಳೆ ಹಿಡಿದ ಮೇಲೆ ಕೆಮ್ಮದವರೇ ಕಡಿಮೆ. ಟೀಚರಿಗೆ ಆಗ 54 ವರ್ಷ. ಎರಡು ಎಕರೆ ಅಡಿಕೆ ತೋಟ, ಮಗಳು ಮತ್ತು ಅಳಿಯ ಜೊತೆಯಲ್ಲೇ. ಬೀಡಿ, ಸಿಗರೇಟು ಮುಟ್ಟಿದವರಲ್ಲ. ಊಟದ ನಂತರ ತಂಬಾಕಿಲ್ಲದ ಎಲೆಯಡಿಕೆ ಅಷ್ಟೇ. ಗ್ಯಾಸ್ ಬರುವ ಮುನ್ನ ಮೂವತ್ತು ವರ್ಷ ಸೌದೆ ಒಲೆಯ ಮುಂದೆ ಕೂತಿದ್ದರು. ಒಲೆಯ ಹೊಗೆ ಶ್ವಾಸಕೋಶ ಕ್ಯಾನ್ಸರಿನ ಅಪಾಯವನ್ನು ಹೆಚ್ಚಿಸುತ್ತದೆ ಎಂಬುದು ನಿಜ. ಆದರೆ ಒಬ್ಬರ ಎದೆಯಲ್ಲಿರುವ ಗಡ್ಡೆಯನ್ನು ತೋರಿಸಿ ಇದಕ್ಕೆ ಆ ಹೊಗೆಯೇ ಕಾರಣ ಎಂದು ಹೇಳುವ ಸಾಧನ ಯಾರ ಬಳಿಯೂ ಇಲ್ಲ.

ಕಷಾಯವಾಯಿತು, ಸಿರಪ್ಪಾಯಿತು, ಐದು ದಿನದ ಆಂಟಿಬಯೊಟಿಕ್ ಆಯಿತು. ಆಗಸ್ಟ್ ಹೊತ್ತಿಗೆ ತೋಟದ ಏರಿ ಹತ್ತಿದರೆ ಏದುಸಿರು. ಎಕ್ಸ್‌ರೇಯಲ್ಲಿ ಬಲ ಶ್ವಾಸಕೋಶದ ಕೆಳಭಾಗ ಬೆಳ್ಳಗೆ ಕಂಡಿತು: ಎದೆಯ ಪೊರೆಯಲ್ಲಿ ನೀರು. ಹತ್ತಿರದ ಆಸ್ಪತ್ರೆಯ ವೈದ್ಯರು ಸೂಜಿ ಹಾಕಿ ಸ್ವಲ್ಪ ತೆಗೆದರು. ಒಣಹುಲ್ಲಿನ ಬಣ್ಣ, ಪ್ರೋಟೀನ್ ಹೆಚ್ಚು, ಲಿಂಫೊಸೈಟ್ ಎಂಬ ಬಿಳಿ ರಕ್ತಕೋಶಗಳು ಹೆಚ್ಚು. ಕ್ಷಯವಿದ್ದಾಗ ಏರುವ ಎಡಿಎ ಎಂಬ ಕಿಣ್ವದ ಪ್ರಮಾಣ 36. ಕ್ಷಯದ ಗುಮಾನಿ ಗಟ್ಟಿಯಾಗಲು 40 ದಾಟಬೇಕು ಎನ್ನುವುದು ರೂಢಿ. ಕಫದ ಪರೀಕ್ಷೆ ಎರಡು ಬಾರಿ ನೆಗೆಟಿವ್, ಕ್ಷಯ ರೋಗಾಣುವಿನ ಡಿಎನ್‌ಎ ಹುಡುಕುವ ಸಿಬಿನ್ಯಾಟ್ ಪರೀಕ್ಷೆಯೂ ನೆಗೆಟಿವ್. ಕ್ಯಾನ್ಸರ್ ಕೋಶ ಇದೆಯೇ ನೋಡಲು 10 ಮಿಲಿಲೀಟರ್ ನೀರು ಕಳಿಸಿದ್ದರು, ‘ಕಂಡುಬಂದಿಲ್ಲ’ ಎಂದು ಉತ್ತರ ಬಂದಿತ್ತು.

ಇಷ್ಟನ್ನಿಟ್ಟುಕೊಂಡು ಅವರು ಕ್ಷಯದ ಚಿಕಿತ್ಸೆ ಶುರು ಮಾಡಿದರು. ನಗರದ ದೊಡ್ಡ ಆಸ್ಪತ್ರೆಯಲ್ಲಿ ಸಿ.ಟಿ. ಯಂತ್ರದ ಪಕ್ಕ ಕೂತು ಇದನ್ನು ತಪ್ಪೆನ್ನುವುದು ಬಹಳ ಸುಲಭ. ನಾನು ಹಾಗೆ ಹೇಳಲಾರೆ. ಜಗತ್ತಿನ ಕ್ಷಯ ರೋಗಿಗಳಲ್ಲಿ ನಾಲ್ವರಲ್ಲಿ ಒಬ್ಬರು ನಮ್ಮ ದೇಶದವರು. ಎದೆಪೊರೆಯ ಕ್ಷಯದಲ್ಲಿ ಸಿಬಿನ್ಯಾಟ್ ಅನೇಕ ಸಲ ಕೈಕೊಡುತ್ತದೆ. ಲಿಂಫೊಸೈಟ್ ತುಂಬಿದ ನೀರು ಕಂಡಾಗ ಕ್ಷಯವೆಂದು ಬಗೆದು ಮಾತ್ರೆ ಕೊಟ್ಟು, ಹತ್ತರಲ್ಲಿ ಬಹುಪಾಲು ಸಲ ಸರಿಯಾದವರೇ ನಮ್ಮಲ್ಲಿ ಹೆಚ್ಚು. ತೊಂದರೆ ಇರುವುದು ಮಾತ್ರೆ ಕೊಟ್ಟದ್ದರಲ್ಲಿ ಅಲ್ಲ. ಈ ಊಹೆ ಸುಳ್ಳಾದರೆ ಎಷ್ಟು ದಿನದಲ್ಲಿ, ಯಾವುದರಿಂದ ಗೊತ್ತಾಗಬೇಕು ಎಂದು ಚೀಟಿಯಲ್ಲಿ ಬರೆದಿಡದೇ ಇದ್ದದ್ದರಲ್ಲಿ. ಇನ್ನೊಂದು, ಆ 10 ಮಿಲಿಲೀಟರ್. ಎದೆನೀರಿನಲ್ಲಿ ಕ್ಯಾನ್ಸರ್ ಇರುವಾಗಲೂ ಮೊದಲ ಸಲದ ಕೋಶಪರೀಕ್ಷೆ ಅದನ್ನು ಹಿಡಿಯುವುದು ಸುಮಾರು ನೂರಕ್ಕೆ ಅರವತ್ತು ಬಾರಿ ಮಾತ್ರ. ‘ಕಂಡುಬಂದಿಲ್ಲ’ ಎಂಬುದನ್ನು ನಾವು ಬಹಳ ಬೇಗ ‘ಇಲ್ಲ’ ಎಂದು ಓದಿಕೊಳ್ಳುತ್ತೇವೆ.

ಟೀಚರ್ ಚಾಚೂ ತಪ್ಪದೆ ಮಾತ್ರೆ ನುಂಗಿದರು. ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗಿದ್ದನ್ನೂ ಬರೆದಿಟ್ಟರು. ಪೌಷ್ಟಿಕ ಆಹಾರಕ್ಕೆಂದು ಸರ್ಕಾರ ಕ್ಷಯ ರೋಗಿಗಳಿಗೆ ಆಗ ಕೊಡುತ್ತಿದ್ದ ತಿಂಗಳ 500 ರೂಪಾಯಿ ಬಂದದ್ದನ್ನೂ ಬರೆದಿಟ್ಟರು. ಪ್ರತಿ ಸೋಮವಾರ ಅಂಗನವಾಡಿಯ ಸಾಮಗ್ರಿ ತೂಗುವ ತಕ್ಕಡಿ ಬಿಟ್ಟು, ಪಕ್ಕದ ಸೊಸೈಟಿಯ ತಕ್ಕಡಿಯ ಮೇಲೆ ನಿಂತು ತೂಕ ನೋಡಿಕೊಳ್ಳುತ್ತಿದ್ದರು. ಚೌಕಳಿ ಹಾಳೆಯ ಹಳೆಯ ನೋಟ್‌ಬುಕ್, ನೀಲಿ ಪೆನ್ನಿನ ಚುಕ್ಕೆಗಳು: 51, 50, 49, 47.5, 46.

ಕ್ಷಯಕ್ಕೆ ಸರಿಯಾದ ಮಾತ್ರೆ ಬಿದ್ದರೆ ಹಸಿವು ಬರುತ್ತದೆ, ತೂಕ ಏರುತ್ತದೆ. ಮನೆಗೆ ಬಂದ ಕ್ಷಯ ಕಾರ್ಯಕ್ರಮದ ಮೇಲ್ವಿಚಾರಕರು ಮಾತ್ರೆಯ ಪಟ್ಟಿ ಎಣಿಸಲು ಬಂದವರು. ನೋಟ್‌ಬುಕ್ ತೆರೆದು ಆ ಗೆರೆಯನ್ನು ನೋಡಿ, ಅದರ ಫೋಟೊ ತೆಗೆದು ವೈದ್ಯರಿಗೆ ಕಳಿಸಿದರು. ವೈದ್ಯರು ಅಂದು ಸಂಜೆಯೇ ಫೋನ್ ಮಾಡಿ, “ನಾಳೆಯೇ ನಗರಕ್ಕೆ ಹೋಗಿ, ಸಿ.ಟಿ. ಮಾಡಿಸಿ” ಎಂದರು. ತಾನು ಕೊಟ್ಟ ರೋಗದ ಹೆಸರನ್ನು ತಾನೇ ಅನುಮಾನಿಸುವ ಧೈರ್ಯ ಎಲ್ಲರಿಗೂ ಇರುವುದಿಲ್ಲ. ಈ ಪ್ರಕರಣದಲ್ಲಿ ನನಗೆ ಅತ್ಯಂತ ಗೌರವ ಹುಟ್ಟಿಸಿದ ನಿರ್ಧಾರ ಅದೇ.

ಸಾಲದ ಮಾದರಿ

ನವೆಂಬರ್ ಮೊದಲ ವಾರ ನಮ್ಮಲ್ಲಿಗೆ ಬಂದರು. ಸಿ.ಟಿ.ಯಲ್ಲಿ ಬಲ ಶ್ವಾಸಕೋಶದ ಕೆಳಹಾಲೆಯಲ್ಲಿ 3.8 ಸೆಂಟಿಮೀಟರ್ ಗಡ್ಡೆ, ಎದೆಪೊರೆಯ ತುಂಬ ಸಣ್ಣ ಗಂಟುಗಳು. ಈಗ ನೀರು ರಕ್ತ ಬೆರೆತು ಕೆಂಪಾಗಿತ್ತು. ಒಂದು ಲೀಟರಿನಷ್ಟು ತೆಗೆದೆವು. ಕೋಶಗಳನ್ನು ಒತ್ತಟ್ಟಿಗೆ ಕೂಡಿಸಿ ಮೇಣದಲ್ಲಿ ಹುದುಗಿಸಿ ನೋಡಿದಾಗ ಅಡಿನೊಕಾರ್ಸಿನೋಮ, ಅಂದರೆ ಗ್ರಂಥಿಕೋಶಗಳ ಬಗೆಯ ಕ್ಯಾನ್ಸರ್. ಟಿಟಿಎಫ್-1 ಬಣ್ಣ ಹಿಡಿಯಿತು, ಅಂದರೆ ಮೂಲ ಶ್ವಾಸಕೋಶವೇ. ನಾಲ್ಕನೇ ಹಂತ.

ಉಳಿದ ಮಾದರಿಯನ್ನು ಇಜಿಎಫ್‌ಆರ್ ಎಂಬ ಜೀನ್‌ನಲ್ಲಿ ರೂಪಾಂತರ, ಅಂದರೆ ಬದಲಾವಣೆ, ಆಗಿದೆಯೇ ಎಂಬ ಪರೀಕ್ಷೆಗೆ ಕಳಿಸಿದೆವು. ಹತ್ತು ದಿನದ ಮೇಲೆ ಬಂದ ವರದಿಯಲ್ಲಿ ಒಂದೇ ಸಾಲು: ಕ್ಯಾನ್ಸರ್ ಕೋಶಗಳ ಪ್ರಮಾಣ ಪರೀಕ್ಷೆಗೆ ಸಾಲದು.

ಇದು ನಮ್ಮದೇ ತಪ್ಪು. ಮೇಣದ ಆ ಪುಟ್ಟ ತುಂಡನ್ನು ರೋಗದ ಹೆಸರು ಗಟ್ಟಿ ಮಾಡಲೆಂದು ಬಣ್ಣದ ಮೇಲೆ ಬಣ್ಣ ಹಾಕಿ ಸವೆಸಿದ್ದೆವು. ಟಿಟಿಎಫ್-1 ಸಾಕಾಗಿತ್ತು, ಇನ್ನೂ ನಾಲ್ಕು ಬಣ್ಣ ಬೇಕಿರಲಿಲ್ಲ. ಪೆಥಾಲಜಿಯವರಿಗೆ ‘ಮುಂದೆ ಜೀನ್ ಪರೀಕ್ಷೆಗೆ ಬೇಕು, ಉಳಿಸಿ’ ಎಂದು ಬೇಡಿಕೆ ಚೀಟಿಯಲ್ಲಿ ಬರೆದವರು ಯಾರೂ ಇರಲಿಲ್ಲ. ಬರೆಯಬೇಕಾಗಿದ್ದವನು ನಾನು.

ಅಷ್ಟರಲ್ಲಿ ಅಳಿಯಂದಿರಿಗೆ ಬೆಂಗಳೂರಿನ ನೆಂಟರೊಬ್ಬರಿಂದ ಸುದ್ದಿ ಸಿಕ್ಕಿತ್ತು: ಸಿಗರೇಟು ಸೇದದ ಹೆಂಗಸರ ಶ್ವಾಸಕೋಶ ಕ್ಯಾನ್ಸರಿಗೆ ಒಂದು ಮಾತ್ರೆ ಇದೆ, ಕಿಮೊಥೆರಪಿಯೇ ಬೇಡ. “ಪರೀಕ್ಷೆ ಆಗಲಿಲ್ಲವಲ್ಲ ಡಾಕ್ಟರೇ, ಸುಮ್ಮನೆ ಮಾತ್ರೆ ಕೊಟ್ಟು ನೋಡೋಣ. ನಮ್ಮ ಅತ್ತೆ ಸೇದಿದವರೇ ಅಲ್ಲ” ಎಂದರು. ಕೇಳಿದ್ದು ಮೂರ್ಖತನದ ಪ್ರಶ್ನೆಯಲ್ಲ. ಕೆಲವು ವರ್ಷ ಹಿಂದೆ ವೈದ್ಯರೂ ಹೀಗೆಯೇ ಯೋಚಿಸುತ್ತಿದ್ದರು.

ಅದಕ್ಕೆ ಉತ್ತರ 2009ರಲ್ಲೇ ಸಿಕ್ಕಿದೆ. ಐಪಾಸ್ ಎಂಬ ಅಧ್ಯಯನದಲ್ಲಿ ಪೂರ್ವ ಏಷ್ಯಾದ 1,217 ರೋಗಿಗಳು. ಎಲ್ಲರೂ ಸೇದದವರು ಅಥವಾ ಬಲು ಕಡಿಮೆ ಸೇದಿ ಬಿಟ್ಟವರು. ಅರ್ಧ ಜನಕ್ಕೆ ಗೆಫಿಟಿನಿಬ್ ಮಾತ್ರೆ, ಅರ್ಧ ಜನಕ್ಕೆ ಕಿಮೊಥೆರಪಿ. ಜೀನ್ ಪರೀಕ್ಷೆ ಸಾಧ್ಯವಾದ 437 ಮಂದಿಯಲ್ಲಿ ಇಜಿಎಫ್‌ಆರ್ ರೂಪಾಂತರ ಇದ್ದದ್ದು 261 ಜನರಲ್ಲಿ. ಇದ್ದವರಲ್ಲಿ ಮಾತ್ರೆಗೆ ಗಡ್ಡೆ ಕುಗ್ಗಿದ್ದು ನೂರಕ್ಕೆ ಎಪ್ಪತ್ತೊಂದು ಜನಕ್ಕೆ. ಇಲ್ಲದವರಲ್ಲಿ ನೂರಕ್ಕೆ ಒಬ್ಬರಿಗೆ. ಅದೇ ರೂಪಾಂತರವಿಲ್ಲದವರಿಗೆ ಕಿಮೊ ಕೊಟ್ಟಾಗ ಸುಮಾರು ಇಪ್ಪತ್ತಮೂರು ಜನಕ್ಕೆ ಗುಣ ಕಂಡಿತ್ತು. ಅಂದರೆ ಮುಖ ನೋಡಿ, ಅಭ್ಯಾಸ ಕೇಳಿ ಮಾತ್ರೆ ಕೊಟ್ಟರೆ ಒಂದಷ್ಟು ಜನಕ್ಕೆ ವರ. ಮಿಕ್ಕವರಿಂದ ಮೊದಲ ಮೂರು ತಿಂಗಳನ್ನು ಕಿತ್ತುಕೊಂಡ ಹಾಗೆ. ಭಾರತದ ಶ್ವಾಸಕೋಶ ಅಡಿನೊಕಾರ್ಸಿನೋಮ ರೋಗಿಗಳಲ್ಲಿ ಈ ರೂಪಾಂತರ ಸಿಗುವುದು ಹೆಚ್ಚುಕಡಿಮೆ ನಾಲ್ಕರಲ್ಲಿ ಒಬ್ಬರಿಗೆ.

ಮಾತ್ರೆ ಕೊಡಲಿಲ್ಲ. ಎದೆಯೊಳಕ್ಕೆ ಸಣ್ಣ ಕ್ಯಾಮೆರಾ ಇಳಿಸಿ ಪೊರೆಯ ಗಂಟುಗಳಿಂದ ಆರು ಚೂರು ತೆಗೆದೆವು. ಆದರೆ ಅವರ ಉಸಿರು ಕಾಯುವ ಸ್ಥಿತಿಯಲ್ಲಿರಲಿಲ್ಲ. ಹಾಗಾಗಿ ವರದಿ ಬರುವ ಮುನ್ನ ಪೆಮೆಟ್ರೆಕ್ಸೆಡ್ ಮತ್ತು ಕಾರ್ಬೊಪ್ಲಾಟಿನ್‌ನ ಮೊದಲ ಸುತ್ತು ಕೊಟ್ಟೆವು. ರೂಪಾಂತರ ಇದ್ದರೂ ಇಲ್ಲದಿದ್ದರೂ ಈ ಕಿಮೊ ವ್ಯರ್ಥವಾಗುವಂಥದ್ದಲ್ಲ ಎಂಬ ಲೆಕ್ಕ.

ಇಲ್ಲೊಂದು ಚಿಕ್ಕ ವಾಗ್ವಾದ ನಡೆಯಿತು. ಕ್ಷಯದ ಮಾತ್ರೆಗಳನ್ನು ‘ಇರಲಿ, ಆರು ತಿಂಗಳು ಮುಗಿಸಿಬಿಡೋಣ’ ಎಂದು ನಮ್ಮಲ್ಲೇ ಒಬ್ಬರು ಹೇಳಿದರು. ಕ್ಯಾನ್ಸರೂ ಕ್ಷಯವೂ ಒಟ್ಟಿಗೆ ಇರುವುದುಂಟು, ಆದ್ದರಿಂದ ಅದು ಎಚ್ಚರದ ಮಾತಿನಂತೆಯೇ ಕೇಳಿಸುತ್ತದೆ. ಚೂರುಗಳಲ್ಲಿ ಕ್ಷಯದ ಗುರುತಾದ ಗ್ರಾನುಲೋಮ ಇರಲಿಲ್ಲ. ಇನ್ನೊಂದು ಕಾರಣ ಹೆಚ್ಚು ತೂಕದ್ದು: ಕ್ಷಯದ ಔಷಧಗಳಲ್ಲೊಂದಾದ ರಿಫಾಂಪಿಸಿನ್ ಯಕೃತ್ತಿನ ಕಿಣ್ವಗಳನ್ನು ಕೆರಳಿಸಿ, ಗೆಫಿಟಿನಿಬ್ ರಕ್ತದಲ್ಲಿ ಉಳಿಯುವ ಪ್ರಮಾಣವನ್ನು ನೂರಕ್ಕೆ ಎಂಬತ್ತಕ್ಕಿಂತಲೂ ಹೆಚ್ಚು ಇಳಿಸಿಬಿಡುತ್ತದೆ. ‘ಇರಲಿ’ ಎಂದು ಮುಂದುವರಿಸಿದ್ದರೆ, ಮುಂದೆ ಕೊಡುವ ಮಾತ್ರೆಯನ್ನು ಹೊಟ್ಟೆಗೆ ಹಾಕಿ ನೀರಿನಲ್ಲಿ ಹೋಮ ಮಾಡಿದಂತಾಗುತ್ತಿತ್ತು. ಆಗ ನಾವು, ‘ಮಾತ್ರೆ ಕೆಲಸ ಮಾಡಲಿಲ್ಲ’ ಎಂದು ರೋಗವನ್ನು ದೂರುತ್ತಿದ್ದೆವು. ಕ್ಷಯದ ಔಷಧ ನಿಲ್ಲಿಸಿದೆವು.

ಅಂಟಿಕೊಂಡ ಸ್ಟಾರ್ಟರ್

ಡಿಸೆಂಬರ್ 12ಕ್ಕೆ ವರದಿ ಬಂತು: ಇಜಿಎಫ್‌ಆರ್ ಜೀನ್, ಎಕ್ಸಾನ್ 19, ಡಿಲೀಷನ್. ಅಂದರೆ ಆ ಜೀನ್‌ನ 19ನೇ ಭಾಗದಲ್ಲಿ ಒಂದು ತುಣುಕು ಕಾಣೆ.

ಇದನ್ನು ಮನೆಯವರಿಗೆ ಹೇಗೆ ಹೇಳುವುದು? ಕೋಶದ ಮೈಮೇಲೆ ಇಜಿಎಫ್‌ಆರ್ ಎಂಬ ಗ್ರಾಹಕ ಪ್ರೋಟೀನ್ ನೆಟ್ಟಿರುತ್ತದೆ. ತಲೆ ಹೊರಗೆ, ಬಾಲ ಒಳಗೆ. ಹೊರಗಿನಿಂದ ಬೆಳವಣಿಗೆಯ ಅಂಶ ಬಂದು ತಲೆಗೆ ಅಂಟಿದಾಗ ಎರಡು ಗ್ರಾಹಕಗಳು ಜೋಡಿಯಾಗುತ್ತವೆ, ಒಳಗಿನ ಬಾಲ ಕೋಶದ ಇಂಧನವಾದ ಎಟಿಪಿಯಿಂದ ಫಾಸ್ಫೇಟ್ ಕಿತ್ತು ಟೈರೋಸಿನ್ ಎಂಬ ಅಮೈನೊ ಆಮ್ಲಗಳಿಗೆ ಅಂಟಿಸುತ್ತದೆ, ಅಲ್ಲಿಂದ ‘ಇಮ್ಮಡಿಯಾಗು, ಸಾಯಬೇಡ’ ಎಂಬ ಆಜ್ಞೆ ಸರಪಳಿಯಾಗಿ ಕೋಶಕೇಂದ್ರಕ್ಕೆ ಹೋಗುತ್ತದೆ. ಗಾಯ ಮಾಯುವುದು, ಚರ್ಮ ಹೊಸದಾಗುವುದು ಇದರಿಂದಲೇ. ಅಂಶ ದೂರ ಸರಿದರೆ ಆಜ್ಞೆಯೂ ನಿಲ್ಲಬೇಕು.

ಈ ಅಂಶವನ್ನು ಮೊದಲು ಕಂಡ ಬಗೆ ನನಗೆ ಈಗಲೂ ಇಷ್ಟ. ಅಮೆರಿಕದ ವಿಜ್ಞಾನಿ ಸ್ಟ್ಯಾನ್ಲಿ ಕೋಹೆನ್ ಇಲಿಮರಿಗಳಿಗೆ ಲಾಲಾಗ್ರಂಥಿಯ ಸಾರ ಚುಚ್ಚಿದಾಗ ಅವು ಇತರ ಮರಿಗಳಿಗಿಂತ ಮೊದಲೇ ಕಣ್ಣು ಬಿಟ್ಟವು. ಎಲ್ಲರೂ ಬಿಟ್ಟುಬಿಡಬಹುದಾಗಿದ್ದ ಆ ಚಿಕ್ಕ ವಿಚಿತ್ರವನ್ನು ಅವರು ಬೆನ್ನು ಹತ್ತಿ, 1962ರಲ್ಲಿ ಆ ಪ್ರೋಟೀನನ್ನು ಬೇರ್ಪಡಿಸಿದರು. 1986ರ ನೊಬೆಲ್ ರೀಟಾ ಲೆವಿ-ಮೊಂಟಾಲ್ಚಿನಿ ಅವರ ಜೊತೆ ಹಂಚಿಕೊಂಡರು. ಆ ನಡುವೆ, 1984ರಲ್ಲಿ, ಕೋಳಿಗಳಲ್ಲಿ ರಕ್ತದ ಕ್ಯಾನ್ಸರ್ ತರುವ ಒಂದು ವೈರಸ್ಸಿನ ಜೀನ್ ಈ ಗ್ರಾಹಕದ್ದೇ ತಲೆ ಕಡಿದ ರೂಪ ಎಂದು ತಿಳಿಯಿತು. ಅಂಶ ಬಂದು ಅಂಟಲು ತಲೆಯೇ ಇಲ್ಲ, ಆದರೂ ಬಾಲ ಆಜ್ಞೆ ಕೊಡುತ್ತಲೇ ಇದೆ. ಬೆಳವಣಿಗೆಯ ಗ್ರಾಹಕ ಕೆಟ್ಟರೆ ಕ್ಯಾನ್ಸರ್ ಹುಟ್ಟಬಹುದು ಎಂಬುದಕ್ಕೆ ಸಿಕ್ಕ ಮೊದಲ ನೇರ ಪುರಾವೆಗಳಲ್ಲಿ ಅದೂ ಒಂದು.

ಟೀಚರ ಗಡ್ಡೆಯಲ್ಲಿ ತಲೆ ಇತ್ತು. ಕೆಟ್ಟದ್ದು ಬಾಲದ ಭಾಗ. ಸಾವಿರಕ್ಕೂ ಹೆಚ್ಚು ಅಮೈನೊ ಆಮ್ಲಗಳ ಆ ಉದ್ದದ ಸರದಲ್ಲಿ 747ರ ಆಸುಪಾಸಿನ ನಾಲ್ಕೈದು ಮಣಿಗಳು ಕಳಚಿಹೋಗಿದ್ದವು. ಅಷ್ಟಕ್ಕೇ ಅಲ್ಲಿಯ ಕುಣಿಕೆ ಗಿಡ್ಡವಾಗಿ, ಪಕ್ಕದ ಸುರುಳಿಯನ್ನು ‘ಚಾಲೂ’ ಸ್ಥಿತಿಯಲ್ಲೇ ಎಳೆದು ಹಿಡಿದಿತ್ತು.

ನಾನು ಹಾಳೆಯ ಮೇಲೆ ಚಿತ್ರ ಬರೆಯುತ್ತಿದ್ದೆ. ಅಳಿಯಂದಿರು ತಡೆದು, “ಪಂಪ್‌ಸೆಟ್ಟಿನ ಸ್ಟಾರ್ಟರ್ ಅಂಟಿಕೊಂಡ ಹಾಗೆ” ಎಂದರು. ಕಾಂಟ್ಯಾಕ್ಟ್ ಸುಟ್ಟು ಒಂದಕ್ಕೊಂದು ಬೆಸೆದರೆ ಕೆಂಪು ಗುಂಡಿ ಎಷ್ಟು ಒತ್ತಿದರೂ ಮೋಟಾರು ನಿಲ್ಲುವುದಿಲ್ಲ, ತೋಟ ಮುಳುಗುತ್ತದೆ. ನನ್ನ ಚಿತ್ರಕ್ಕಿಂತ ಅದು ಸರಿಯಾಗಿತ್ತು. ಟೀಚರ್ ಕೇಳಿದ್ದು ಬೇರೆ: “ಅಂದರೆ ನನ್ನ ಚಾರ್ಟಿನ ಗೆರೆ ಇಳಿಯುತ್ತಾ ಇದ್ದಾಗ ಒಳಗೆ ಒಂದರ ಗೆರೆ ಏರುತ್ತಾ ಇತ್ತು.”

ಗೆಫಿಟಿನಿಬ್ ಮಾಡುವ ಕೆಲಸ ಎಟಿಪಿ ಕೂರುವ ಗುಳಿಯಲ್ಲಿ ತಾನು ಕೂರುವುದು. ಸ್ವಾರಸ್ಯವೆಂದರೆ, ಈ ರೂಪಾಂತರವಾದ ಗ್ರಾಹಕಕ್ಕೆ ಎಟಿಪಿಯ ಮೇಲಿನ ಹಿಡಿತ ಮೊದಲಿಗಿಂತ ಸಡಿಲ. ಆದ್ದರಿಂದಲೇ ಮಾತ್ರೆ ಸುಲಭವಾಗಿ ಜಾಗ ಗೆಲ್ಲುತ್ತದೆ. ಗಡ್ಡೆಯನ್ನು ಬೆಳೆಸಿದ ದೋಷವೇ ಅದರ ದುರ್ಬಲ ಜಾಗ. 2004ರಲ್ಲಿ ಅಮೆರಿಕದ ಮೂರು ತಂಡಗಳು ಬೇರೆಬೇರೆಯಾಗಿ ಇದನ್ನು ಕಂಡುಕೊಳ್ಳುವ ತನಕ, ಈ ಮಾತ್ರೆ ಕೆಲವರಿಗೆ ಮಾತ್ರ ಪವಾಡದಂತೆ ಹತ್ತುವುದೇಕೆ ಎಂದು ಯಾರಿಗೂ ತಿಳಿದಿರಲಿಲ್ಲ.

ಮಾತ್ರೆಯ ವರ್ಷ

ಒಂದು ಸುತ್ತಿಗೇ ಕಿಮೊ ನಿಲ್ಲಿಸಿ, ದಿನಕ್ಕೊಂದು 250 ಮಿಲಿಗ್ರಾಂ ಗೆಫಿಟಿನಿಬ್ ಶುರು ಮಾಡಿದೆವು. ಭಾರತದಲ್ಲಿ ಇದರ ಜೆನೆರಿಕ್ ಮಾತ್ರೆ ಸಿಗುವುದರಿಂದ ಖರ್ಚು ಕೈಗೆಟಕುವಂತಿತ್ತು.

ಕಿಮೊವನ್ನು ನಿಲ್ಲಿಸಿದ್ದು ಸರಿಯೇ ಎಂದು ಆಮೇಲೆ ಹಲವು ಸಲ ಯೋಚಿಸಿದ್ದೇನೆ. ಮರುವರ್ಷ ಮುಂಬಯಿಯ ಟಾಟಾ ಮೆಮೋರಿಯಲ್ ಆಸ್ಪತ್ರೆಯವರು 350 ರೋಗಿಗಳ ಅಧ್ಯಯನ ಮುಂದಿಟ್ಟರು: ಗೆಫಿಟಿನಿಬ್ ಒಂದೇ ಕೊಟ್ಟವರಲ್ಲಿ ರೋಗ ಹತೋಟಿಯಲ್ಲಿದ್ದದ್ದು ಮಧ್ಯಮಾಂಕದಲ್ಲಿ 8 ತಿಂಗಳು, ಜೊತೆಗೆ ಇದೇ ಎರಡು ಕಿಮೊ ಔಷಧ ಕೊಟ್ಟವರಲ್ಲಿ 16 ತಿಂಗಳು. ಬದುಕಿದ ಅವಧಿಯೂ ಹೆಚ್ಚು. ತೀವ್ರ ಅಡ್ಡಪರಿಣಾಮವೂ ಇಮ್ಮಡಿ: ನೂರಕ್ಕೆ 25ರ ಬದಲು 51. ಟೀಚರ್ ಒಂದು ವರ್ಷ ತಡವಾಗಿ ಬಂದಿದ್ದರೆ ನಾನು ಎರಡನ್ನೂ ಒಟ್ಟಿಗೆ ಕೊಡುವ ಮಾತೆತ್ತುತ್ತಿದ್ದೆ. ಅವರು ಒಪ್ಪುತ್ತಿದ್ದರೇ ಎಂಬುದು ಬೇರೆ. ಮೂರು ವಾರಕ್ಕೊಮ್ಮೆ ಘಟ್ಟದ ರಸ್ತೆಯಲ್ಲಿ ಐದು ಗಂಟೆ ಬಸ್ಸು. ಫೆಬ್ರುವರಿಯಿಂದ ಮತ್ತೆ ಅಂಗನವಾಡಿಗೆ ಹೋಗಬೇಕೆಂದು ಅವರು ಆಗಲೇ ತೀರ್ಮಾನಿಸಿಯಾಗಿತ್ತು.

ಹನ್ನೊಂದನೇ ದಿನ ನೋಟ್‌ಬುಕ್ಕಿನಲ್ಲಿ ‘ರಾತ್ರಿ ಕೆಮ್ಮಿಲ್ಲ’ ಎಂದಿದೆ. ಮೂರನೇ ವಾರ ಮುಖ, ಎದೆಯ ಮೇಲೆಲ್ಲ ಮೊಡವೆಯಂಥ ಗುಳ್ಳೆ. ಉಷ್ಣವಾಗಿದೆ ಎಂದು ಮನೆಯಲ್ಲಿ ಮಾತ್ರೆ ನಿಲ್ಲಿಸಿ, ಎಳನೀರು, ಜೀರಿಗೆ ಕಷಾಯ ಶುರುವಾಯಿತು. ಒಂಬತ್ತು ದಿನ ಮಾತ್ರೆ ಇಲ್ಲ. ನಮಗೆ ಗೊತ್ತಾದದ್ದು ಮಗಳು ಬೇರೇನೋ ಕೇಳಲು ಫೋನ್ ಮಾಡಿದಾಗ. ಚರ್ಮದ ಕೋಶಗಳೂ ಇದೇ ಗ್ರಾಹಕದಿಂದ ಬದುಕುತ್ತವೆ. ಮಾತ್ರೆ ಅಲ್ಲಿಯೂ ಹೋಗಿ ಕೂರುತ್ತದೆ. ಗುಳ್ಳೆ ಬಂತೆಂದರೆ ಔಷಧ ಒಳಗೆ ಸೇರಿದೆ ಎಂದರ್ಥ — ಇಷ್ಟನ್ನು ಮೊದಲ ದಿನವೇ ಹೇಳಿದ್ದರೆ ಆ ಒಂಬತ್ತು ದಿನ ಹೋಗುತ್ತಿರಲಿಲ್ಲ. ಹೇಳಿದ್ದೆವು ಎಂದು ನಮ್ಮ ಕಡತ ಹೇಳುತ್ತದೆ. ವರದಿ, ಚಿತ್ರ, ಸ್ಟಾರ್ಟರು, ಕಣ್ಣೀರು ಎಲ್ಲ ಮುಗಿದ ಮೇಲೆ, ಕೊನೆಯ ಎರಡು ನಿಮಿಷದಲ್ಲಿ ಹೇಳಿದ್ದೆವು. ಗ್ಯಾಸ್ಟ್ರಿಕ್ ಮಾತ್ರೆಯ ವಿಷಯವೂ ಹಾಗೆಯೇ: ಹೊಟ್ಟೆಯ ಆಮ್ಲ ತಗ್ಗಿದರೆ ಗೆಫಿಟಿನಿಬ್ ಸರಿಯಾಗಿ ಹೀರಲ್ಪಡುವುದಿಲ್ಲ, ಅವರು ದಿನಾ ಬೆಳಿಗ್ಗೆ ಅದನ್ನು ನುಂಗುತ್ತಿದ್ದರು, ನಾವು ಕೇಳಿರಲೇ ಇಲ್ಲ.

ಮಾರ್ಚಿನ ಸಿ.ಟಿ.ಯಲ್ಲಿ ಗಡ್ಡೆ ಅರ್ಧಕ್ಕಿಂತ ಚಿಕ್ಕದು, ನೀರು ಬಹುತೇಕ ಇಲ್ಲ. ತೂಕ 52. ಅವರು ಆ ಚುಕ್ಕೆಯನ್ನು ಹಸಿರು ಪೆನ್ನಿನಲ್ಲಿ ಇಟ್ಟಿದ್ದರು.

ರಕ್ತ ‘ಇಲ್ಲ’ ಎಂದಾಗ

2020ರ ಜನವರಿ, ಮಾತ್ರೆ ಶುರುವಾಗಿ ಹದಿಮೂರು ತಿಂಗಳು. ಕೆಮ್ಮು ಮರಳಿತು, ನೀರು ಮರಳಿತು.

ಗೆಫಿಟಿನಿಬ್ ಸೋತಾಗ, ಅರ್ಧಕ್ಕಿಂತ ಹೆಚ್ಚು ರೋಗಿಗಳಲ್ಲಿ ಕಾರಣ ಟಿ790ಎಂ ಎಂಬ ಎರಡನೇ ರೂಪಾಂತರ. 790ನೇ ಸ್ಥಾನದ ಥ್ರಿಯೊನಿನ್ ಹೋಗಿ ದಪ್ಪ ಮೆಥಿಯೊನಿನ್ ಬಂದು ಕೂರುತ್ತದೆ. ಅದು ಮಾತ್ರೆಯ ದಾರಿಗೆ ಅಡ್ಡ ಕೂತಿದೆ ಎಂದು ಮೊದಲು ಭಾವಿಸಿದ್ದರು. ಗ್ರಾಹಕಕ್ಕೆ ಕೈತಪ್ಪಿದ್ದ ಎಟಿಪಿ ಹಿಡಿತವನ್ನು ಅದು ಮರಳಿ ಕೊಡುತ್ತದೆ ಎಂಬುದು ಆಮೇಲೆ ತಿಳಿಯಿತು. ಅಂದರೆ ಗಡ್ಡೆ ತನ್ನ ದುರ್ಬಲ ಜಾಗವನ್ನು ದುರಸ್ತಿ ಮಾಡಿಕೊಂಡಿದೆ. ಇದಕ್ಕೆಂದೇ ಬಂದ ಒಸಿಮರ್ಟಿನಿಬ್ 797ನೇ ಸ್ಥಾನದ ಸಿಸ್ಟೀನ್‌ಗೆ ಬಿಡಿಸಲಾರದಂತೆ ಬೆಸೆದುಕೊಳ್ಳುತ್ತದೆ, ಎಟಿಪಿಯ ಜೊತೆ ಜಗಳಕ್ಕೇ ನಿಲ್ಲುವುದಿಲ್ಲ.

ರಕ್ತದಲ್ಲಿ ತೇಲುವ ಗಡ್ಡೆಯ ಡಿಎನ್‌ಎಯಿಂದ ಟಿ790ಎಂ ಹುಡುಕಿಸಿದೆವು. ಸಿಗಲಿಲ್ಲ.

ಎರಡು ದಾರಿ. ಟಿ790ಎಂ ಇಲ್ಲವೆಂದು ಒಪ್ಪಿ ಕಿಮೊಗೆ ಹೋಗುವುದು, ಅಥವಾ ಮತ್ತೆ ಎದೆಗೆ ಸೂಜಿ ಹಾಕುವುದು. ಮಗಳು ಸೂಜಿ ಬೇಡವೆಂದರು. ಅಮ್ಮ ಈಗಾಗಲೇ ಎಷ್ಟು ಸಲ ಚುಚ್ಚಿಸಿಕೊಂಡಿದ್ದಾರೆ ಎಂಬ ಅವರ ಮಾತು ನಿಜವಾಗಿತ್ತು. ನಾನೂ ಅರ್ಧ ಮನಸ್ಸಿನಲ್ಲಿದ್ದೆ. ರಕ್ತದ ಪರೀಕ್ಷೆ ‘ಇದೆ’ ಎಂದರೆ ನಂಬಬಹುದು; ‘ಇಲ್ಲ’ ಎಂದರೆ ನಂಬುವಂತಿಲ್ಲ, ಹತ್ತರಲ್ಲಿ ಮೂರು ಬಾರಿಯಾದರೂ ಇರುವುದನ್ನೇ ಬಿಡುತ್ತದೆ. ಇದನ್ನು ಹೇಳಿದಾಗ ಟೀಚರ್ ನಕ್ಕರು. “ಎರಡು ವರ್ಷದ ಹಿಂದೆ ನೀರಿನಲ್ಲಿಯೂ ಕಾಣಲಿಲ್ಲ ಎಂದಿದ್ದರಲ್ಲ ಸಾರ್. ಮಗು ಅಂಗನವಾಡಿಗೆ ಬರಲಿಲ್ಲ ಎಂದರೆ ಊರಲ್ಲಿ ಇಲ್ಲ ಎಂದಲ್ಲ. ಮನೆಗೆ ಹೋಗಿ ನೋಡಬೇಕು. ಚುಚ್ಚಿ.”

ಮಾರ್ಚ್ ಮೊದಲ ವಾರ ಸಿ.ಟಿ. ನೆರವಿನಿಂದ ಚೂರು ತೆಗೆದೆವು. ಈ ಸಲ ಚೀಟಿಯ ಮೇಲೆ ಕೆಂಪು ಅಕ್ಷರದಲ್ಲಿ ಬರೆದಿದ್ದೆ. 20ರಂದು ವರದಿ: ಎಕ್ಸಾನ್ 19 ಡಿಲೀಷನ್ ಇದೆ, ಟಿ790ಎಂ ಇದೆ.

ಐದು ದಿನಕ್ಕೆ ದೇಶ ಬಂದ್ ಆಯಿತು.

ಒಸಿಮರ್ಟಿನಿಬ್‌ಗೆ ಆಗ ತಿಂಗಳಿಗೆ ಲಕ್ಷ ರೂಪಾಯಿ ದಾಟುತ್ತಿತ್ತು. ಇದನ್ನೇ ಮೊದಲ ಮಾತ್ರೆಯಾಗಿ ಕೊಟ್ಟರೆ ಹಳೆಯ ಮಾತ್ರೆಗಳಿಗಿಂತ ಒಳ್ಳೆಯದು ಎಂದು 2018ರಲ್ಲೇ ಪ್ರಕಟವಾಗಿತ್ತು. ರೋಗದ ಹತೋಟಿ 10.2 ತಿಂಗಳಿನಿಂದ 18.9ಕ್ಕೆ. ಟೀಚರ ಗೌರವಧನದಲ್ಲಿ ಅದು ಮಾತಾಡುವ ವಿಷಯವೇ ಆಗಿರಲಿಲ್ಲ. ಈಗ ಬೇರೆ ಆಯ್ಕೆ ಇಲ್ಲ. ಕಂಪನಿಯ ನೆರವು ಯೋಜನೆಗೆ ಅರ್ಜಿ, ಮೊದಲ ಕೆಲವು ತಿಂಗಳಿಗೆ ಅಡಿಕೆಯ ಮೇಲೆ ಮುಂಗಡ, ಒಂದಷ್ಟು ಚಿನ್ನ. ಆಮೇಲೆ ಔಷಧ ಸಾಗಿಸುವುದು ಹೇಗೆ? ಕೊರಿಯರ್ ಇಲ್ಲ, ಬಸ್ಸಿಲ್ಲ. ಅಳಿಯಂದಿರು ಪಾಸು ಮಾಡಿಸಿಕೊಂಡು ಬೈಕಿನಲ್ಲಿ ಜಿಲ್ಲಾ ಕೇಂದ್ರದವರೆಗೆ ಬರುತ್ತಿದ್ದರು. ಇಲ್ಲಿಂದ ಅಲ್ಲಿಗೆ ಹಾಲಿನ ವ್ಯಾನಿನ ಚಾಲಕರೊಬ್ಬರು ಪೊಟ್ಟಣ ಒಯ್ಯುತ್ತಿದ್ದರು. ಮೊದಲ ಡಬ್ಬಿ ಮನೆ ಸೇರಿದ್ದು ಏಪ್ರಿಲ್ 16ಕ್ಕೆ. ಆ ಮೂರೂವರೆ ವಾರ ಗೆಫಿಟಿನಿಬ್ಬನ್ನೇ ಮುಂದುವರಿಸಿದೆವು: ಪೂರ್ತಿ ನಿಲ್ಲಿಸಿದರೆ ಹಳೆಯ ಕೋಶಗಳೂ ಒಮ್ಮೆಲೇ ಎದ್ದು ನಿಲ್ಲಬಹುದೆಂಬ ಭಯ. ಅದು ಆಗ ಅನಿವಾರ್ಯದಿಂದ ಮಾಡಿದ್ದು. ಈಗಲೂ ಹಾಗೆಯೇ ಮಾಡುತ್ತೇನೆ.

ಒಸಿಮರ್ಟಿನಿಬ್ ಹದಿನಾರು ತಿಂಗಳು ಕಾಯಿತು. ಟಿ790ಎಂ ಇದ್ದವರ ದೊಡ್ಡ ಅಧ್ಯಯನದಲ್ಲಿ ಮಧ್ಯಮಾಂಕ 10.1 ತಿಂಗಳು. ಕಿಮೊ ದಾರಿಯಲ್ಲಿ 4.4. ರಕ್ತದ ವರದಿಯನ್ನು ನಂಬಿದ್ದರೆ ಅವರು ಎರಡನೇ ಸಾಲಿನಲ್ಲಿರುತ್ತಿದ್ದರು.

ಕೇಳದೆ ಬಿಟ್ಟ ಪ್ರಶ್ನೆ

2021ರ ಆಗಸ್ಟ್. ಯಕೃತ್ತಿನಲ್ಲಿ ಹೊಸ ಗಂಟುಗಳು. ಮೂರನೇ ಬಾರಿ ಚೂರು ತೆಗೆಯಬೇಕೇ?

ಇಷ್ಟರವರೆಗೆ ಈ ಪ್ರಕರಣದಲ್ಲಿ ಗಡ್ಡೆಯನ್ನೇ ಕೇಳಿದಾಗಲೆಲ್ಲ ಗೆದ್ದಿದ್ದೆವು, ಊಹಿಸಿದಾಗಲೆಲ್ಲ ಕಾಲ ಕಳೆದುಕೊಂಡಿದ್ದೆವು. ಆದ್ದರಿಂದ ತಂಡದ ಕಿರಿಯರು ಮತ್ತೆ ಬಯಾಪ್ಸಿ ಎಂದರು. ಸಿಗಬಹುದಾಗಿದ್ದ ಉತ್ತರಗಳನ್ನು ಮೇಜಿನ ಮೇಲೆ ಹರಡಿ ನೋಡಿದೆವು. 797ನೇ ಸಿಸ್ಟೀನೇ ಬದಲಾಗಿ ಒಸಿಮರ್ಟಿನಿಬ್‌ಗೆ ಬೆಸೆಯಲು ಜಾಗವಿಲ್ಲದಿರಬಹುದು. ಆಗ ಕೊಡಲು ನಮ್ಮ ಬಳಿ ಮಾತ್ರೆ ಇರಲಿಲ್ಲ. ಮೆಟ್ ಎಂಬ ಇನ್ನೊಂದು ಬೆಳವಣಿಗೆಯ ಗ್ರಾಹಕ ಹೆಚ್ಚಾಗಿ ಬೇರೆ ದಾರಿಯಿಂದ ಅದೇ ಆಜ್ಞೆ ಹೋಗುತ್ತಿರಬಹುದು. ಅದರ ಔಷಧ ಅವರ ಕೈಗೆ ಎಟುಕುತ್ತಿರಲಿಲ್ಲ. ವೇಗವಾಗಿ ಬೆಳೆಯುವ ಸಣ್ಣಕೋಶದ ಕ್ಯಾನ್ಸರಾಗಿ ಮಾರ್ಪಟ್ಟಿದ್ದರೆ ಮಾತ್ರ ಕಿಮೊ ಬದಲಾಗುತ್ತಿತ್ತು. ಆದರೆ ರೋಗ ನಿಧಾನವಾಗಿ ಬೆಳೆದ ರೀತಿ ಅದಕ್ಕೆ ಹೊಂದುತ್ತಿರಲಿಲ್ಲ. ಉಳಿದ ಯಾವ ಉತ್ತರ ಬಂದರೂ ಮುಂದಿನ ಹೆಜ್ಜೆ ಒಂದೇ: 2018ರಲ್ಲಿ ಒಂದೇ ಸುತ್ತು ಕೊಟ್ಟು ನಿಲ್ಲಿಸಿದ್ದ ಕಿಮೊ. ಉತ್ತರದಿಂದ ಹೆಜ್ಜೆ ಬದಲಾಗದಿದ್ದರೆ ಯಕೃತ್ತಿಗೆ ಸೂಜಿ ಹಾಕುವುದು ನಮ್ಮ ಕುತೂಹಲಕ್ಕೆ. ಟೀಚರ್ ಬೇಡ ಎಂದರು, ನಾನು ಒಪ್ಪಿದೆ. ಕಿರಿಯರಲ್ಲಿ ಒಬ್ಬರು ಇವತ್ತಿಗೂ ಒಪ್ಪಿಲ್ಲ, ಅವರ ಮಾತಿನಲ್ಲೂ ಹುರುಳಿದೆ.

ಕಿಮೊ ಐದು ತಿಂಗಳು ರೋಗವನ್ನು ಹಿಡಿದಿಟ್ಟಿತು. 2022ರ ಮೇ ತಿಂಗಳಿನಲ್ಲಿ, ಮನೆಯಲ್ಲೇ, ನೋವಿಗೆ ಮಾರ್ಫಿನ್ ಮಾತ್ರೆಯ ಆಸರೆಯಲ್ಲಿ ಅವರು ತೀರಿಕೊಂಡರು. ರೋಗದ ಹೆಸರು ಸಿಕ್ಕಿದ ದಿನದಿಂದ ಮೂರೂವರೆ ವರ್ಷ. ಅದರಲ್ಲಿ ಒಂದು ವರ್ಷಕ್ಕೂ ಹೆಚ್ಚು ಕಾಲ ಅವರು ಅಂಗನವಾಡಿಯಲ್ಲಿ ಮಕ್ಕಳನ್ನು ತೂಗಿದ್ದರು.

2024ರ ಜುಲೈ ಬಜೆಟ್ಟಿನಲ್ಲಿ ಒಸಿಮರ್ಟಿನಿಬ್ ಸೇರಿ ಮೂರು ಕ್ಯಾನ್ಸರ್ ಔಷಧಗಳ ಆಮದು ಸುಂಕ ತೆಗೆದರು. ಸುದ್ದಿ ಓದಿ ಅಳಿಯಂದಿರು ಫೋನ್ ಮಾಡಿದ್ದರು. ಬೆಲೆ ಈಗ ಎಷ್ಟು, ಊರಿನ ಇನ್ನೊಬ್ಬರಿಗೆ ಬೇಕಾಗಿದೆ ಎಂದರು.

ನಮ್ಮಲ್ಲಿ ಬದಲಾದದ್ದು ಮೂರು. ಅನುಮಾನದ ಎದೆನೀರನ್ನು ಈಗ ಕನಿಷ್ಠ 50 ಮಿಲಿಲೀಟರ್ ಕಳಿಸುತ್ತೇವೆ. ಬೇಡಿಕೆ ಚೀಟಿಯಲ್ಲಿ ‘ಜೀನ್ ಪರೀಕ್ಷೆಗೆ ಉಳಿಸಿ’ ಎಂಬ ಚೌಕವಿದೆ, ಅದನ್ನು ತುಂಬದ ಚೀಟಿಯನ್ನು ಪೆಥಾಲಜಿಯವರು ಹಿಂದಕ್ಕೆ ಕಳಿಸುತ್ತಾರೆ. ನನ್ನದನ್ನೇ ಎರಡು ಸಲ ಕಳಿಸಿದ್ದಾರೆ. ಮತ್ತೆ, ಮಾತ್ರೆ ಶುರು ಮಾಡುವ ಪ್ರತಿಯೊಬ್ಬರಿಗೂ ಒಂದು ಚೌಕಳಿ ಹಾಳೆ ಕೊಡುತ್ತೇವೆ, ಸೋಮವಾರದ ತೂಕಕ್ಕೆ. ಅದರ ಮೂಲ ಪ್ರತಿಯನ್ನು ಟೀಚರ್ ಸ್ಕೇಲಿಟ್ಟು ಗೆರೆ ಹಾಕಿ ಕೊಟ್ಟಿದ್ದರು. ಎಡ ಅಂಚಿನಲ್ಲಿ ‘ಮಗುವಿನ ಹೆಸರು’ ಎಂದು ಅಭ್ಯಾಸಬಲದಿಂದ ಬರೆದು, ಹೊಡೆದುಹಾಕಿ, ‘ರೋಗಿಯ ಹೆಸರು’ ಎಂದು ತಿದ್ದಿದ್ದಾರೆ. ಝೆರಾಕ್ಸ್ ಮಾಡಿದಾಗಲೆಲ್ಲ ಆ ಹೊಡೆದ ಗೆರೆಯೂ ಬರುತ್ತದೆ.